ಮಾರಿದವರು ಮೊದಲೇ ಐ.ಪಿ. ಹಾಕಿದ್ದರೆ ಕೊಂಡ ಮನೆ ಕೈತಪ್ಪುತ್ತದೆಯೇ?

ಕೋಲಾರದಲ್ಲಿ ಟೊಮೆಟೊ ಮಂಡಿ ನಡೆಸುತ್ತಿದ್ದವರಿಂದ ಮನೆ ಕೊಂಡಿರಿ, ನೋಂದಣಿಯೂ ಖಾತೆಯೂ ಆದವು. ಅವರು ಅದಕ್ಕೂ ಮೊದಲೇ ಐ.ಪಿ., ಅಂದರೆ ತಮ್ಮನ್ನು ದಿವಾಳಿಯೆಂದು ಘೋಷಿಸಲು ಅರ್ಜಿ, ಹಾಕಿದ್ದರು, ಆದ್ದರಿಂದ ಕ್ರಯವೇ ಅಸಿಂಧು ಎಂದು ಈಗ ರಿಸೀವರ್ (ದಿವಾಳಿಯಾದವರ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದವರು) ಅರ್ಜಿ ಸಲ್ಲಿಸಿದ್ದಾರೆ. ಮನೆ ಹೋಗುತ್ತದೆಯೇ ಎಂದು ಕೇಳಿದ್ದೀರಿ. ಇದೇ ಜಿಲ್ಲೆಯಲ್ಲಿ ಸಿವಿಲ್ ವಕೀಲಿಕೆ ಮಾಡುವವನಾಗಿ ಹೇಳುತ್ತೇನೆ: ಹೋಗಲೇಬೇಕೆಂದಿಲ್ಲ. ಆದರೆ ‘ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಏನೂ ಇರಲಿಲ್ಲ’ ಎಂಬ ಒಂದೇ ಮಾತನ್ನು ನಂಬಿ ಕೂರಬೇಡಿ. ಇಸಿಯಲ್ಲಿ ಕಾಣುವುದು ಉಪನೋಂದಣಿ ಕಚೇರಿಯಲ್ಲಿ ದಾಖಲಾದ ಪತ್ರಗಳು. ನ್ಯಾಯಾಲಯದಲ್ಲಿರುವ ದಿವಾಳಿ ಅರ್ಜಿ ಅಲ್ಲಿ ತಾನಾಗಿ ಬರುವುದಿಲ್ಲ. ಕೊಳ್ಳುವವರ ಪಾಲಿಗೆ ಇದು ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಮೊದಲು ಮೂರು ತಾರೀಖು ಬರೆದುಕೊಳ್ಳಿ: ಐ.ಪಿ. ಸಲ್ಲಿಸಿದ್ದು, ಕ್ರಯಪತ್ರ ಆದದ್ದು, ದಿವಾಳಿಯೆಂದು ಘೋಷಿಸಿದ ಆದೇಶ ಬಂದದ್ದು. 2016ರ ದಿವಾಳಿ ಸಂಹಿತೆಯನ್ನು ಯಾರಾದರೂ ಎತ್ತಿದರೆ ಗಾಬರಿಯಾಗಬೇಡಿ. ವ್ಯಕ್ತಿಗಳ ಕುರಿತಾದ ಅದರ ಭಾಗ ಜಾರಿಯಾಗಿರುವುದು ಕಂಪನಿಯ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಮಂಡಿ ವ್ಯಾಪಾರಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಅನ್ವಯಿಸುತ್ತದೆ. ಅದರ 28ನೇ ಕಲಮಿನಂತೆ ಘೋಷಣೆಯಾದೊಡನೆ ಆಸ್ತಿ ನ್ಯಾಯಾಲಯದ ಅಥವಾ ರಿಸೀವರ್ ವಶಕ್ಕೆ ಹೋಗುತ್ತದೆ, ಅದೂ ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕ. ರಿಸೀವರ್ ಹಿಡಿದಿರುವುದು ಇದನ್ನು. ನೀವು ಹಿಡಿಯಬೇಕಾದದ್ದು 55ನೇ ಕಲಮು: ಘೋಷಣೆಗೆ ಮೊದಲು, ಅರ್ಜಿಯ ವಿಷಯ ತಿಳಿಯದೆ, ಹಣ ಕೊಟ್ಟು ಕೊಂಡವರಿಗೆ ರಕ್ಷಣೆಯಿದೆ. ಕ್ರಯ ಘೋಷಣೆಯ ನಂತರ ಆಗಿದ್ದರೆ ಈ ಕಲಮು ನೆರವಿಗೆ ಬರುವುದಿಲ್ಲ. ಅರ್ಜಿಗಿಂತಲೂ ಮೊದಲೇ ಆಗಿದ್ದರೆ 53ನೇ ಕಲಮು: ಕ್ರಯವಾದ ಎರಡು ವರ್ಷದೊಳಗೆ ಐ.ಪಿ. ಸಲ್ಲಿಸಿದ್ದರೆ ಮಾತ್ರ ಆ ಕ್ರಯವನ್ನು ಇದರಡಿ ರದ್ದು ಮಾಡಬಹುದು. ಅಲ್ಲಿಯೂ ಪ್ರಾಮಾಣಿಕ ಖರೀದಿದಾರರಿಗೆ ವಿನಾಯಿತಿ ಇದೆ.

ಉಳಿದದ್ದೆಲ್ಲ ದುಡ್ಡಿನ ಮಾತು. ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆ ಬರೆಸಿ, ಮಿಕ್ಕದ್ದನ್ನು ನಗದಾಗಿ ಎಣಿಸಿಕೊಡುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ನೀವೂ ಹಾಗೆ ಮಾಡಿದ್ದರೆ ರಿಸೀವರ್ ಪರ ವಕೀಲರು ಅದೇ ಪುಟ ತೆರೆದು, ‘ಇಷ್ಟು ದೊಡ್ಡ ಮನೆ ಇಷ್ಟಕ್ಕೇ ಹೋಯಿತೇ? ಸಾಲ ಕೊಟ್ಟವರ ಕೈಗೆ ಸಿಗದಿರಲೆಂದು ಬರೆದುಕೊಟ್ಟ ಪತ್ರವಿದು’ ಎನ್ನುತ್ತಾರೆ. ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿ ಹುಟ್ಟಿಸುವುದು ಕಷ್ಟ. ಅದಲ್ಲದೆ ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಲ್ಲೇ ನಿಷೇಧಿಸಿದೆ. ಪೂರ್ತಿ ಹಣ ಬ್ಯಾಂಕ್ ಮೂಲಕ ಹೋಗಿದ್ದರೆ ನಿಮ್ಮ ಪಕ್ಷ ಗಟ್ಟಿ. ಅವರ ಗೃಹಸಾಲ ತೀರಿಸಲು ನೀವೇ ನೇರವಾಗಿ ಬ್ಯಾಂಕಿಗೆ ಕಟ್ಟಿದ್ದರೆ ಇನ್ನೂ ಒಳ್ಳೆಯದು. ಆ ಚಲನ್, ಬ್ಯಾಂಕ್ ಕೊಟ್ಟ ಋಣಮುಕ್ತಿ ಪತ್ರ, ಕರಾರುಪತ್ರ ಎಲ್ಲವನ್ನೂ ಇಂದೇ ಒಟ್ಟು ಮಾಡಿ. ಮಾರಿದವರು ನಿಮ್ಮ ನೆಂಟರೋ ಪಕ್ಕದ ಮಂಡಿಯವರೋ ಆಗಿದ್ದರೆ ಮಾತ್ರ ‘ಗೊತ್ತಿರಲಿಲ್ಲ’ ಎಂಬುದನ್ನು ನ್ಯಾಯಾಧೀಶರು ಸುಲಭಕ್ಕೆ ಒಪ್ಪುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ನಿಮ್ಮ ವಕೀಲರಿಗೆ ಹೇಳಿಬಿಡಿ.

ನೋಟಿಸಿನಲ್ಲಿರುವ ದಿನ ಖಂಡಿತ ಹಾಜರಾಗಿ. 4ನೇ ಕಲಮಿನಂತೆ ಹಕ್ಕಿನ ಪ್ರಶ್ನೆಯನ್ನು ಆ ನ್ಯಾಯಾಲಯವೇ ತೀರ್ಮಾನಿಸಬಹುದು. ನೀವು ತಪ್ಪಿಸಿಕೊಂಡರೆ ರಿಸೀವರ್ ಹೇಳಿದ್ದೇ ಉಳಿಯುತ್ತದೆ. ವ್ಯಾಜ್ಯ ಮುಗಿಯುವವರೆಗೆ ಮನೆಯನ್ನು ಮಾರಬೇಡಿ, ಅಡವಿಡಬೇಡಿ. ಆದೇಶ ವಿರುದ್ಧವಾಗಿ ಬಂದರೆ ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ ಅವಕಾಶವಿದೆ. ಮೂಲಪತ್ರಗಳನ್ನು ಯಾರ ಕೈಗೂ ಕೊಡಬೇಡಿ. ನ್ಯಾಯಾಲಯ ಕೇಳುವವರೆಗೆ ನಕಲು ಸಾಕು.