ಉಗುರಿನಷ್ಟು ಮೀನಿಗೆ ವಿಮಾನದಷ್ಟು ಸದ್ದೇ?

ಪ್ರಶ್ನೆ: ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಸಿಹಿನೀರಿನ ಮೀನೊಂದು 140 ಡೆಸಿಬೆಲ್ ಸದ್ದು ಮಾಡುತ್ತದೆ, ಅದು ಜೆಟ್ ವಿಮಾನದ ಸದ್ದಿಗೆ ಸಮ ಎಂದು ಓದಿದೆ. ಗಂಟಲೇ ಇಲ್ಲದ ಮೀನಿಗೆ ಇದು ಸಾಧ್ಯವೇ? ನಿಜವಾದರೆ ಅಕ್ವೇರಿಯಂ ಪಕ್ಕದಲ್ಲಿ ಕೂತವರ ಕಿವಿಯ ಗತಿಯೇನು?

ಉತ್ತರ: ನೀವು ಓದಿದ ಅಂಕಿ ಸರಿ, ಹೋಲಿಕೆ ಮಾತ್ರ ತಪ್ಪು. ಆ ಮೀನಿನ ಹೆಸರು ಡೇನಿಯೊನೆಲ್ಲಾ ಸೆರೆಬ್ರಮ್. ಮ್ಯಾನ್ಮಾರ್‌ನ ತೊರೆಗಳಲ್ಲಿರುವ ಈ ಮೀನಿನ ಉದ್ದ ಸುಮಾರು 12 ಮಿಲಿಮೀಟರ್. ಮೈ ಎಷ್ಟು ಪಾರದರ್ಶಕವೆಂದರೆ ಜೀವಂತ ಮೀನಿನ ಮಿದುಳನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಇದು ಪ್ರತ್ಯೇಕ ಪ್ರಭೇದವೆಂದು ಗೊತ್ತಾದದ್ದು 2021ರಲ್ಲಿ, ಇದರ ಸದ್ದಿನ ವಿವರ ಪ್ರಕಟವಾದದ್ದು 2024ರಲ್ಲಿ.

ಸದ್ದು ಮಾಡುವುದು ಗಂಡು ಮೀನು ಮಾತ್ರ. ಅದರ ದೇಹದಲ್ಲಿ, ಮೀನಿಗೆ ತೇಲಲು ನೆರವಾಗುವ ಗಾಳಿಚೀಲದ ಪಕ್ಕದಲ್ಲಿಯೇ ಒಂದು ಸಣ್ಣ ಮೃದ್ವಸ್ಥಿಯಿದೆ. ದಣಿವರಿಯದ ಸ್ನಾಯುವೊಂದು ಗಟ್ಟಿಯಾದ ಪಕ್ಕೆಲುಬನ್ನು ಎಳೆದಾಗ ಆ ಮೃದ್ವಸ್ಥಿ ಬಿಗಿದುಕೊಂಡು, ಬಿಟ್ಟೊಡನೆ ಚಿಮ್ಮಿ, ನಗಾರಿಗೆ ಕೋಲು ಬಿದ್ದಂತೆ ಗಾಳಿಚೀಲಕ್ಕೆ ಬಡಿಯುತ್ತದೆ. ಆ ಚಿಮ್ಮುವಿಕೆಯ ವೇಗೋತ್ಕರ್ಷ ಗುರುತ್ವದ 2000 ಪಟ್ಟಿಗೂ ಹೆಚ್ಚು. ಒಂದೇ ಬದಿಯ ಸ್ನಾಯು ಮತ್ತೆ ಮತ್ತೆ ಎಳೆದರೆ ಸೆಕೆಂಡಿಗೆ ಸುಮಾರು 60 ಬಡಿತ, ಎಡಬಲ ಸರದಿಯಲ್ಲಿ ಎಳೆದರೆ ಸುಮಾರು 120. ಗಂಟಲಿನ ಅಗತ್ಯವೇ ಇಲ್ಲ.

ಇನ್ನು ಡೆಸಿಬೆಲ್ ಲೆಕ್ಕ. ಗಾಳಿಯಲ್ಲಿ ಸದ್ದನ್ನು 20 ಮೈಕ್ರೋಪ್ಯಾಸ್ಕಲ್ ಒತ್ತಡಕ್ಕೆ ಹೋಲಿಸಿ ಅಳೆದರೆ, ನೀರಿನಲ್ಲಿ ಹೋಲಿಸುವುದು 1 ಮೈಕ್ರೋಪ್ಯಾಸ್ಕಲ್‌ಗೆ; ಜೊತೆಗೆ ನೀರು ಗಾಳಿಗಿಂತ ಬಹಳ ಸಾಂದ್ರ. ಇವೆರಡನ್ನೂ ಹಿಡಿದರೆ ನೀರಿನ ಅಂಕಿಯಿಂದ ಸುಮಾರು 61 ಕಳೆಯಬೇಕು, ಉಳಿಯುವುದು 79ರ ಆಸುಪಾಸು. ಅದೂ ಮೀನಿನಿಂದ ಒಂದು ಸೆಂಟಿಮೀಟರಿನಷ್ಟು ದೂರದಲ್ಲಿ ಅಳೆದದ್ದು. ಮೇಲಾಗಿ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ನೀರಿನ ಮೇಲ್ಮೈಯನ್ನು ದಾಟಿ ಹೊರಬರುತ್ತದೆ. ಹೀಗಾಗಿ ತೊಟ್ಟಿಯ ಪಕ್ಕದಲ್ಲಿ ನಡೆದುಹೋಗುವವರಿಗೆ ಕೇಳುವುದು ಟಿಕ್ ಟಿಕ್ ಎಂಬ ಸದ್ದಷ್ಟೆ. ವಿಮಾನದ ಹೋಲಿಕೆ ತಲೆಬರಹಕ್ಕೆ ಚೆನ್ನ, ವಿಜ್ಞಾನಕ್ಕಲ್ಲ. 12 ಮಿಲಿಮೀಟರಿನ ದೇಹಕ್ಕೆ ಇಷ್ಟು ಸದ್ದೂ ಅಸಾಧಾರಣವೇ ಎಂಬುದನ್ನು ಮಾತ್ರ ಮರೆಯಬಾರದು.

ಕದಡಿದ ನೀರಿನಲ್ಲಿ ಕಣ್ಣು ಸಾಲದಾದಾಗ ಸದ್ದು ನೆರವಿಗೆ ಬರುತ್ತದೆ. ಆಳವಿಲ್ಲದ ನೀರಿನಲ್ಲಿ ತಗ್ಗು ದನಿ ಬಹುಬೇಗ ಕರಗುವುದರಿಂದ ಸಣ್ಣ ಮೀನುಗಳ ಸಂಭಾಷಣೆ ನೆರೆಹೊರೆಯವರೊಂದಿಗೇ ಮುಗಿಯುತ್ತದೆ. ಕೇಳಿಸಿಕೊಳ್ಳುವ ಏರ್ಪಾಡೂ ಸೊಗಸಾಗಿದೆ: ಕಾರ್ಪ್ ಮತ್ತು ಬೆಕ್ಕುಮೀನುಗಳ ಬಳಗದಲ್ಲಿ ಗಾಳಿಚೀಲದ ಕಂಪನವನ್ನು ಪುಟ್ಟ ಮೂಳೆಗಳ ಸಾಲೊಂದು ಒಳಗಿವಿಗೆ ಮುಟ್ಟಿಸುತ್ತದೆ. ಇದನ್ನು 1820ರಲ್ಲಿ ವಿವರಿಸಿದವರು ಜರ್ಮನಿಯ ಅರ್ನ್ಸ್ಟ್ ಹೈನ್‌ರಿಷ್ ವೇಬರ್. ಡೇನಿಯೊನೆಲ್ಲಾ ಕೂಡ ಇದೇ ಬಳಗದ್ದು.

ಆದರೆ ಮೀನಿನ ಮಾತನ್ನು ಕೇಳಲು ಬಯಸುವವರಿಗೆ ನನ್ನ ಆಯ್ಕೆ ಆಗ್ನೇಯ ಏಷ್ಯಾದ ಕ್ರೋಕಿಂಗ್ ಗೌರಾಮಿ. ಇದು ಎದೆಯ ರೆಕ್ಕೆಯನ್ನು ಬಡಿಯುವಾಗ ಹಿಗ್ಗಿದ ಸ್ನಾಯುರಜ್ಜುಗಳು ರೆಕ್ಕೆಯ ಕಡ್ಡಿಗಳ ಬುಡಕ್ಕೆ ತಾಕಿ, ತಂತಿ ಮೀಟಿದಂತೆ ಕರಕರ ಸದ್ದು ಹೊರಡುತ್ತದೆ. ಎರಡು ಮೀನುಗಳು ಪಕ್ಕಪಕ್ಕ ನಿಂತು ರೆಕ್ಕೆ ಹರಡಿ ಜಗಳಕ್ಕಿಳಿದಾಗ ಗಂಡೂ ಹೆಣ್ಣೂ ಹೀಗೆ ಗುಟುರು ಹಾಕುತ್ತವೆ. ಮೊಟ್ಟೆಯಿಡುವ ಮುನ್ನ ಹೆಣ್ಣು ಇನ್ನೂ ಮೆಲುವಾದ ದನಿ ಹೊರಡಿಸುತ್ತದೆ. ನಿಮ್ಮ ತೊಟ್ಟಿಯಲ್ಲಿ ಈ ಮೀನುಗಳಿದ್ದರೆ, ಫಿಲ್ಟರ್ ಮತ್ತು ಗಾಳಿ ಪಂಪನ್ನು ಕೆಲ ನಿಮಿಷ ನಿಲ್ಲಿಸಿ ಗಾಜಿನ ಬಳಿ ಸುಮ್ಮನೆ ಕುಳಿತರೆ ಸಾಕು, ಯಾವ ಉಪಕರಣವೂ ಬೇಕಿಲ್ಲ.