ಮಳೆಯಲ್ಲಿ ಓಡುವ ಕಾರಿಗೆ ಕೋಲ್ಡ್ ಏರ್ ಇನ್‌ಟೇಕ್: ಮೊದಲು ಟೇಪ್ ಹಿಡಿದು ಎತ್ತರ ಅಳೆಯಿರಿ

ಗುಬ್ಬಿಯಿಂದ ತುಮಕೂರಿಗೆ ದಿನಾ ಓಡಾಡುತ್ತೀರಿ. 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ದಾರಿಯಲ್ಲಿ ನೀರು ನಿಲ್ಲುವ ರೈಲ್ವೆ ಅಂಡರ್‌ಪಾಸ್ ಇದೆ. ಹಸ್ತ, ಚಿತ್ತೆ ಮಳೆ ಹಿಡಿಯುವ ಮುಂಚೆ ಕೋಲ್ಡ್ ಏರ್ ಇನ್‌ಟೇಕ್, ಅಂದರೆ ಎಂಜಿನ್ನಿಗೆ ಹೊರಗಿನ ತಣ್ಣನೆ ಗಾಳಿ ಎಳೆದುಕೊಡುವ ಪೈಪು-ಫಿಲ್ಟರ್ ಹಾಕಿಸಬೇಕು, ಯಾವ ಕಿಟ್ ತಗೊಳ್ಳಲಿ ಅಂತ ಕೇಳಿದ್ದೀರಿ. ಮೇಲೆ ಉತ್ತರಿಸಿದ ಇಬ್ಬರು ಬ್ರ್ಯಾಂಡ್ ಹೆಸರು ಕೊಟ್ಟಿದ್ದಾರೆ. ಆದರೆ ಬ್ರ್ಯಾಂಡ್ ಆಮೇಲಿನ ಮಾತು. ಗಾಳಿ ಎಳೆಯುವ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿ ಕೂರುತ್ತದೆ ಅನ್ನುವುದನ್ನು ಮೊದಲು ನೋಡಿ. ಮಳೆಗಾಲದಲ್ಲಿ ಎಂಜಿನ್ ಉಳಿಯುವುದು ಅದರಿಂದಲೇ.

ನನಗೆ ಇದು ಗೊತ್ತಾಗಿದ್ದು ಎಂಜಿನ್ ಕಳೆದುಕೊಂಡ ಮೇಲೆ. ಹಿಂದಿನ ಡೀಸೆಲ್ ಕಾರಿಗೆ ಒಂದು ಅಂಗಡಿಯಲ್ಲಿ ಉದ್ದ ಪೈಪಿನ ಕಿಟ್ ಹಾಕಿಸಿದ್ದೆ. ಫಿಲ್ಟರ್ ಬಂಪರ್ ಹಿಂದೆ, ಫಾಗ್ ಲ್ಯಾಂಪ್ ಪಕ್ಕದಲ್ಲಿ ಕೂತಿತ್ತು. ಜಾಗ ಸಾಲದು ಅಂತ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಕೂಡ ಕತ್ತರಿಸಿದ್ದರು. ಬೇಸಿಗೆ ಪೂರ್ತಿ ಏನೂ ತೊಂದರೆ ಇಲ್ಲ. ಚಿತ್ತೆ ಮಳೆಯ ಒಂದು ರಾತ್ರಿ ಕೊರಟಗೆರೆ ಕಡೆಯಿಂದ ಮನೆಯವರ ಜೊತೆ ಬರುತ್ತಿದ್ದೆ. ಕೆರೆ ಕೋಡಿ ಬಿದ್ದು ರಸ್ತೆ ಮೇಲೆ ನೀರು ಬಂದಿತ್ತು. ಅರ್ಧ ಟೈರ್ ಕೂಡ ಮುಳುಗುವಷ್ಟಿರಲಿಲ್ಲ. ನನ್ನ ಮುಂದಿನ ಕಾರುಗಳೆಲ್ಲ ದಾಟಿಹೋದವು. ನಾನು ನಡುವೆ ಇದ್ದಾಗ ಎದುರಿಂದ ಲಾರಿ ಬಂತು, ಅದು ಎಬ್ಬಿಸಿದ ಅಲೆ ಬಂಪರಿಗೆ ಹೊಡೆಯಿತು, ಎಂಜಿನ್ ಟಕ್ ಅಂತ ನಿಂತಿತು. ಗಾಬರಿಯಲ್ಲಿ ಎರಡು ಸಲ ಸೆಲ್ಫ್ ಹೊಡೆದೆ. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನ ತಿರುಗುವ ದಂಡಕ್ಕೆ) ಜೋಡಿಸುವ ಎರಡು ಕನೆಕ್ಟಿಂಗ್ ರಾಡ್ ಬಾಗಿದ್ದವು. ವಿಮೆಯಿಂದ ಒಂದು ರೂಪಾಯಿ ಬರಲಿಲ್ಲ. ಅದೇ ನೀರು ದಾಟಿದ ಉಳಿದ ಕಾರುಗಳಿಗೆ ಏನೂ ಆಗಿರಲಿಲ್ಲ, ಯಾಕೆಂದರೆ ಅವುಗಳ ಗಾಳಿಯ ಬಾಯಿ ಮೇಲಿತ್ತು.

ಅಷ್ಟು ಸ್ವಲ್ಪ ನೀರಿಗೆ ಹೀಗಾಗುತ್ತಾ ಅಂತ ಅನಿಸಬಹುದು. ಲೆಕ್ಕ ನೋಡಿ. 1.2 ಲೀಟರ್, ನಾಲ್ಕು ಸಿಲಿಂಡರ್ ಅಂದರೆ ಒಂದೊಂದಕ್ಕೆ 300 ಸಿ.ಸಿ. ಕಂಪ್ರೆಷನ್ 10:1 (ಒಳಗಿನ ಗಾಳಿಯನ್ನು ಹತ್ತನೇ ಒಂದು ಪಾಲು ಜಾಗಕ್ಕೆ ಒತ್ತುವುದು) ಅಂದುಕೊಂಡರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 33 ಸಿ.ಸಿ. ಮಾತ್ರ. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಮೂರು ಸಲ ಅಳೆದರೆ ಅಷ್ಟಾಗುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಅದಕ್ಕಿಂತ ಜಾಸ್ತಿ ನೀರು ಒಂದೇ ಸಿಲಿಂಡರಿಗೆ ಹೋದರೂ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ತಿರುಗುತ್ತಿರುವ ಕ್ರ್ಯಾಂಕ್ ರಾಡನ್ನು ಬಗ್ಗಿಸುತ್ತದೆ. ಇದಕ್ಕೇ ಹೈಡ್ರೋಲಾಕ್ ಅನ್ನುವುದು. ಡೀಸೆಲ್‌ನಲ್ಲಿ ಕಂಪ್ರೆಷನ್ ಜಾಸ್ತಿ, ಹಾಗಾಗಿ ಆ ಜಾಗ ಇನ್ನೂ ಕಮ್ಮಿ. 1.3 ಲೀಟರ್ ಎಂಜಿನ್, 17:1 ಆದರೆ 20 ಸಿ.ಸಿ. ಹತ್ತಿರ.

ಹಾಗಂತ ಮಳೆಗೇ ಹೆದರಬೇಕಾಗಿಲ್ಲ. ಮೇಲಿಂದ ಬೀಳುವ ಮಳೆ, ಮುಂದಿನ ವಾಹನ ಎರಚುವ ತುಂತುರು ಇವೆಲ್ಲ ಫಿಲ್ಟರನ್ನು ಒದ್ದೆ ಮಾಡಬಹುದು, ಪಿಕಪ್ ಸ್ವಲ್ಪ ಕುಂದಬಹುದು. ಎಂಜಿನ್ ಹಾಳಾಗುವುದು ಫಿಲ್ಟರೇ ನೀರಿನಲ್ಲಿ ಮುಳುಗಿದಾಗ, ಅಥವಾ ಅಲೆ ನೇರವಾಗಿ ಅದಕ್ಕೆ ಹೊಡೆದಾಗ. ನಿಮ್ಮ ದಾರಿಯ ಅಂಡರ್‌ಪಾಸಿನಲ್ಲಿ ಆಗುವುದು ಅದೇ.

ಈಗ ಕಿಟ್‌ಗಳ ವಿಷಯ. ಅಂಗಡಿಯವರು ಎಲ್ಲದಕ್ಕೂ ಕೋಲ್ಡ್ ಏರ್ ಅಂತಲೇ ಹೇಳಿ ಮಾರುತ್ತಾರೆ, ಮೋಸ ಹೋಗಬೇಡಿ. ಗಿಡ್ಡ ಪೈಪಿನ ತುದಿಗೆ ಕೋನ್ ಫಿಲ್ಟರ್ ಸಿಗಿಸಿ ಬಾನೆಟ್ ಒಳಗೇ ಬಿಟ್ಟರೆ ಅದು ಶಾರ್ಟ್ ರ‍್ಯಾಮ್. ನೀರಿನಿಂದ ಮೇಲಿರುತ್ತದೆ, ನಿಜ. ಆದರೆ ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ತುಮಕೂರಿನ ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಾಗ ಬಾನೆಟ್ ಒಳಗಿನ ಗಾಳಿ ಹೊರಗಿಗಿಂತ ಎಷ್ಟು ಬಿಸಿ ಅಂತ ಮುಚ್ಚಳ ಎತ್ತಿದರೆ ಗೊತ್ತಾಗುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ. 3 ಕಮ್ಮಿ. ಸದ್ದು ಜಾಸ್ತಿ ಬರುತ್ತದೆ, ಶಕ್ತಿ ಬರುವುದಿಲ್ಲ. ಫಿಲ್ಟರನ್ನು ಬಂಪರ್ ಕೆಳಭಾಗಕ್ಕೆ ಇಳಿಸುವ ಉದ್ದ ಪೈಪಿನ ಕಿಟ್‌ಗೆ ತಣ್ಣನೆ ಗಾಳಿ ಚೆನ್ನಾಗಿ ಸಿಗುತ್ತದೆ, ನನ್ನದೂ ಅದೇ ಆಗಿತ್ತು. ನಿಮ್ಮ ದಾರಿಗೆ ಅದು ಬೇಡವೇ ಬೇಡ.

ಮೂರನೆಯದು ಮುಚ್ಚಿದ ಡಬ್ಬಿಯ ಕಿಟ್. ಫಿಲ್ಟರ್ ಸುತ್ತ ಪ್ಲಾಸ್ಟಿಕ್ ಡಬ್ಬಿ, ಅದರ ಮುಚ್ಚಳಕ್ಕೆ ರಬ್ಬರ್ ಸೀಲ್, ಗಾಳಿ ಬರುವುದು ಗ್ರಿಲ್ ಹಿಂದೆ ಕಂಪನಿ ಕೊಟ್ಟ ಜಾಗದಿಂದಲೇ. ಕಿಟ್ ಹಾಕಿಸಲೇಬೇಕು ಅಂತಿದ್ದರೆ ಇದನ್ನು ನೋಡಿ. ಡಬ್ಬಿಯ ತಳದಲ್ಲಿ ನೀರು ಇಳಿಯಲು ಸಣ್ಣ ತೂತು ಇರಬೇಕು. ನಿಮ್ಮ ಕಾರಿನ ಮಾಡೆಲ್‌ಗೇ ಮಾಡಿದ್ದಾಗಿರಬೇಕು. ಎಲ್ಲ ಕಾರಿಗೂ ಹೊಂದುತ್ತದೆ ಅಂತ ಕೊಡುವ ಪೈಪಿನಲ್ಲಿ ಜೋಡಣೆ ಸಡಿಲವಾಗಿ, ಫಿಲ್ಟರಿಗೂ ಎಂಜಿನ್ನಿಗೂ ನಡುವಿನ ಸಂದಿಯಿಂದ ಧೂಳು, ನೀರು ಎರಡೂ ನುಗ್ಗುತ್ತವೆ. ಯಾರೇ ಬಂದು ಲೈನರ್ ಕತ್ತರಿಸಬೇಕು ಅಂದರೆ ಒಪ್ಪಬೇಡಿ. ಚಕ್ರ ಎರಚುವ ಕೆಸರನ್ನು ತಡೆಯುವುದು ಅದೊಂದೇ.

ಫಿಲ್ಟರಿನ ಬಗ್ಗೆಯೂ ಕೇಳಿದ್ದೀರಿ. ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯದು ಒಂದು ಬಗೆ, ಎಣ್ಣೆ ಬೇಡದ ಸಿಂಥೆಟಿಕ್‌ದು ಇನ್ನೊಂದು. ಎರಡನ್ನೂ ತೊಳೆದು ಮತ್ತೆ ಬಳಸಬಹುದು. ಎಣ್ಣೆಯದನ್ನು ತೊಳೆದು ಪೂರ್ತಿ ಒಣಗಿಸಿ, ಅಳತೆ ನೋಡಿ ಎಣ್ಣೆ ಹಾಕಬೇಕು. ಜಾಸ್ತಿಯಾದರೆ ಅದು ಒಳಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಮೇಲೆ ಕೂರುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ. ಮಳೆಗಾಲದಲ್ಲಿ ಅದು ಒಣಗಲು ಒಂದು ದಿನ ಸಾಲದು. ನಿಮಗೆ ಸಿಂಥೆಟಿಕ್ ಒಳ್ಳೆಯದು. ಫಿಲ್ಟರಿಗೆ ಹೊರಗಿಂದ ತೊಡಿಸುವ ಬಟ್ಟೆ ಕವರ್ ಸಿಗುತ್ತದೆ, ಕೆ ಅಂಡ್ ಎನ್ ಕಂಪನಿಯವರ ಡ್ರೈಚಾರ್ಜರ್ ಆ ಥರದ್ದು. ತುಂತುರಿಗೆ ಅದು ಸಾಕು, ಮುಳುಗಿದರೆ ಅದರಿಂದ ಕಾಪಾಡಲಾಗುವುದಿಲ್ಲ.

ಮೇಲೆ ಒಬ್ಬರು ಬೈಪಾಸ್ ವಾಲ್ವ್ ಹಾಕಿಸಿ ಅಂದಿದ್ದಾರೆ. ಎಇಎಂ ಕಂಪನಿಯದು ಹೆಸರಾದದ್ದು. ಉದ್ದ ಪೈಪಿನ ನಡುವೆ, ಎತ್ತರದಲ್ಲಿ ಕೂರಿಸುತ್ತಾರೆ. ಕೆಳಗಿನ ಫಿಲ್ಟರ್ ನೀರಲ್ಲಿ ಮುಳುಗಿ ಗಾಳಿ ಕಟ್ಟಿದರೆ ಅದು ತೆರೆದುಕೊಂಡು ಮೇಲಿಂದ ಗಾಳಿ ಬಿಡುತ್ತದೆ. ಉಪಾಯ ಒಳ್ಳೆಯದೇ. ಆದರೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನಿಗೆ ಅದು ಆಗುವುದಿಲ್ಲ. ಈಗಿನ ಡೀಸೆಲ್ ಕಾರುಗಳಲ್ಲಿ ಟರ್ಬೊ ಇರುತ್ತದೆ, ಹಾಗಾಗಿ ಅವುಗಳಿಗೆ ಬೇಡ. ನೀರು ವಾಲ್ವ್ ತನಕ ಏರಿದರೆ ಅದೂ ಕೈಕೊಡುತ್ತದೆ. ಫಿಲ್ಟರನ್ನು ಕೆಳಗಿಳಿಸದಿದ್ದರೆ ಈ ವಾಲ್ವ್ ಬೇಕಾಗುವುದೇ ಇಲ್ಲ ಅಲ್ವಾ?

ನನ್ನನ್ನು ಕೇಳಿದರೆ, ಕಂಪನಿಯ ಏರ್ ಬಾಕ್ಸ್ (ಫಿಲ್ಟರ್ ಕೂರುವ ಡಬ್ಬಿ) ಹಾಗೇ ಇರಲಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಅದು ಹೊರಗಿನ ತಣ್ಣನೆ ಗಾಳಿಯನ್ನೇ, ಗ್ರಿಲ್ ಹಿಂದೆ ಮೇಲಿಂದ ತಗೊಳ್ಳುತ್ತದೆ. ಅದರೊಳಗೆ ಕೂರುವ ಒಳ್ಳೆಯ ಪ್ಯಾನೆಲ್ (ಚಪ್ಪಟೆ) ಫಿಲ್ಟರ್ ಹಾಕಿ. ಮುಚ್ಚಳದ ಕ್ಲಿಪ್ಪು, ಗಾಳಿ ಹೋಗುವ ಮಡಿಕೆ ಪೈಪು (ರಬ್ಬರ್ ಬೆಲ್ಲೋಸ್) ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ತಳದ ತೂತಿನಲ್ಲಿ ಕಸ ಕಟ್ಟಿದ್ದರೆ ತೆಗೆಯಿರಿ. ಶಿರಾ, ಪಾವಗಡದ ಕಡೆ ಓಡಾಡುವವರಿಗೆ ವರ್ಷದಲ್ಲಿ ಮಳೆಗಿಂತ ಧೂಳೇ ಜಾಸ್ತಿ. ಅಂಥವರು ಕಂಪನಿಯ ಪೇಪರ್ ಫಿಲ್ಟರನ್ನೇ ಬೇಗ ಬೇಗ ಬದಲಾಯಿಸಿದರೆ ಸಾಕು. ಮಾಮೂಲಿ ಪೆಟ್ರೋಲ್ ಎಂಜಿನ್ನಿಗೆ ಬರೀ ಇನ್‌ಟೇಕ್‌ನಿಂದ ಬರುವ ಶಕ್ತಿ ತೀರಾ ಸ್ವಲ್ಪ. ಅದೇ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿದರೆ ಮಳೆಯಲ್ಲಿ ಅದರ ಉಪಯೋಗ ದಿನಾ ಗೊತ್ತಾಗುತ್ತದೆ.

ವಿಮೆಯ ಬಗ್ಗೆ ದಯವಿಟ್ಟು ಗಮನ ಕೊಡಿ. ಸಾಮಾನ್ಯ ಪಾಲಿಸಿಯಲ್ಲಿ ನೀರು ಎಳೆದು ಎಂಜಿನ್ ಹೋದರೆ ದುಡ್ಡು ಸಿಗುವುದು ಕಷ್ಟ. ಪಾಲಿಸಿಯ ಜೊತೆ ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್-ಆನ್ (ಹೆಚ್ಚುವರಿ ರಕ್ಷಣೆ) ಬೇಕು. ಕಿಟ್ ಹಾಕಿಸಿದರೆ ವಿಮೆ ಕಂಪನಿಗೆ ಬರೆದು ತಿಳಿಸಿ, ವಾರಂಟಿ ಇದ್ದರೆ ಶೋರೂಮಿನಲ್ಲಿ ಮೊದಲೇ ಕೇಳಿ. ನಾನು ಆಡ್-ಆನ್ ತಗೊಂಡಿರಲಿಲ್ಲ, ಕಿಟ್ ವಿಷಯ ತಿಳಿಸಿಯೂ ಇರಲಿಲ್ಲ.

ಅಂಡರ್‌ಪಾಸಿನಲ್ಲಿ ನೀರು ಚಕ್ರದ ನಡುಮಟ್ಟಕ್ಕೆ ಬಂದಿದ್ದರೆ ಯಾವ ಇನ್‌ಟೇಕ್ ಇದ್ದರೂ ಇಳಿಯಬೇಡಿ, ಸುತ್ತು ಹಾಕಿ ಹೋಗಿ. ಕಮ್ಮಿ ಇದ್ದರೆ ಮೊದಲನೇ ಗೇರಿನಲ್ಲಿ ನಿಧಾನವಾಗಿ, ಒಂದೇ ಸಮನೆ ಹೋಗಿ. ಎದುರಿನ ದೊಡ್ಡ ವಾಹನ ದಾಟಿ ಹೋಗುವ ತನಕ ಕಾಯಿರಿ. ಹರಿಯುವ ಕೋಡಿ ನೀರಾದರೆ ಮಾತೇ ಬೇರೆ: ಒಂದು ಅಡಿ ನೀರು ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಹೆಣ್ಣುಮಗಳು ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ನಾನು ನೀರು ನಿಂತ ಅಂಡರ್‌ಪಾಸಿಗೆ ಕಾರು ಇಳಿಸಿಲ್ಲ.

ನೀರಿನಲ್ಲಿ ಎಂಜಿನ್ ನಿಂತೇ ಹೋದರೆ ಸೆಲ್ಫ್ ಮುಟ್ಟಬೇಡಿ. ಮೊದಲು ಎಲ್ಲರೂ ಇಳಿದು ಎತ್ತರದ ಜಾಗಕ್ಕೆ ಹೋಗಿ. ಆಮೇಲೆ ಕಾರನ್ನು ಎಳೆಸಿ. ಫಿಲ್ಟರ್ ಒದ್ದೆಯಾಗಿದ್ದರೆ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ ತಿರುಗಿಸಿ ನೀರು ಹೊರಗೆ ಹಾಕುತ್ತಾರೆ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಾಯಿಸಬೇಕು.

ಇವತ್ತು ಸಂಜೆ ಬಾನೆಟ್ ಎತ್ತಿ, ಗಾಳಿಯ ಬಾಯಿಯಿಂದ ನೆಲಕ್ಕೆ ಟೇಪ್ ಹಿಡಿಯಿರಿ. ನನ್ನ ಆ ಕಿಟ್‌ನಲ್ಲಿ 28 ಸೆಂ.ಮೀ. ಇತ್ತು, ಈಗಿನ ಕಾರಿನ ಕಂಪನಿ ಬಾಕ್ಸಿನದು 72. ನಿಮ್ಮದೆಷ್ಟು ಅಂತ ಒಂದು ಫೋಟೊ ಜೊತೆ ಇಲ್ಲೇ ಹಾಕಿ, ಕಿಟ್ ಬೇಕೋ ಬೇಡವೋ ಅಂತ ಆಮೇಲೆ ನೋಡೋಣ.