ಕ್ಲಬ್ಬಿನ ಬಾಡಿಗೆ ಟೆಂಟುಗಳನ್ನು ಒಂದೇ ಸಲ ಬದಲಾಯಿಸಬೇಕಾ?

ನಿಮ್ಮ ಚಾರಣ ಕ್ಲಬ್ಬು ಸದಸ್ಯರಿಗೆ ಬಾಡಿಗೆಗೆ ಕೊಡುವ 12 ಟೆಂಟು, 20 ಸ್ಲೀಪಿಂಗ್ ಬ್ಯಾಗು, ಎಲ್ಲ ಹಳೆಯದು. ಈ ವರ್ಷ ಕೈಯಲ್ಲಿ ಸ್ವಲ್ಪ ದುಡ್ಡಿದೆ, ಒಂದೇ ಸಲ ಹೊಸದು ಕೊಳ್ಳುವುದಾ, ವರ್ಷಕ್ಕಿಷ್ಟು ಅಂತ ಬದಲಾಯಿಸುವುದಾ ಎಂದು ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಎದೆ ಧಸಕ್ಕೆಂದಿತು. ಇದೇ ಮಾತನ್ನು ನಾನು ನಮ್ಮ ಕ್ಲಬ್ಬಿನ ಕಮಿಟಿ ಮುಂದೆ ಇಟ್ಟಿದ್ದೆ. ಒಂದೇ ಸಲ ಕೊಳ್ಳೋಣ ಅಂತ ವಾದ ಮಾಡಿ ಎಲ್ಲರನ್ನೂ ಒಪ್ಪಿಸಿದವನೂ ನಾನೇ. 10 ಹೊಸ ಟೆಂಟು ಬಂದವು. ಮೂರನೇ ವರ್ಷ ಮುಗಿಯುವ ಮೊದಲೇ ಅದರಲ್ಲಿ 6 ಮಳೆ ತಡೆಯುವ ಸ್ಥಿತಿಯಲ್ಲಿ ಇರಲಿಲ್ಲ.

ಸಾಮಾನಿನ ಕೋಣೆಯ ಬೀಗದ ಕೈ ಆರು ವರ್ಷ ನನ್ನ ಹತ್ತಿರ ಇತ್ತು. ವಾರದ ಕೊನೆಗೆ ಜನ ಒಯ್ಯುತ್ತಿದ್ದರು, ಭಾನುವಾರ ರಾತ್ರಿ ತಂದು ಕೊಡುತ್ತಿದ್ದರು. ಎರಡು ದಿನ ನಡೆದು ಸುಸ್ತಾದ ಮುಖಗಳು. ಎಲ್ಲರಿಗೂ ಮನೆ ಸೇರುವ ಅವಸರ, ನನಗೂ ಅಷ್ಟೇ. "ಒಣಗಿಸಿದ್ದೀರಾ?" ಅಂತ ಕೇಳುತ್ತಿದ್ದೆ. "ಹೂಂ, ಬೆಳಗ್ಗೆ ಬಿಸಿಲಿಗೆ ಹಾಕಿದ್ವಿ" ಅನ್ನುತ್ತಿದ್ದರು. ಚೀಲದ ಮೇಲೆ ಒಮ್ಮೆ ಕೈಯಾಡಿಸುತ್ತಿದ್ದೆ. ಒಣಗಿದೆ. ಕಪಾಟಿಗೆ ಸೇರಿಸುತ್ತಿದ್ದೆ.

ನಾನು ಮಾಡಿದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅವತ್ತು ಯಾರಾದರೂ ನನಗೆ ಹೀಗೆ ಬಿಡಿಸಿ ಹೇಳಿದ್ದರೆ ಆ ಟೆಂಟುಗಳು ಉಳಿಯುತ್ತಿದ್ದವು.

ಆ ಜನ ಸುಳ್ಳು ಹೇಳುತ್ತಿರಲಿಲ್ಲ. ಫ್ಲೈ ಅನ್ನುತ್ತೇವಲ್ಲ, ಆ ಮೇಲಿನ ಹೊದಿಕೆ ಅರ್ಧ ಗಂಟೆ ಬಿಸಿಲಿಗೆ ನಿಜವಾಗಿಯೂ ಒಣಗುತ್ತದೆ. ಒಣಗದೆ ಉಳಿಯುವುದು ಬೇರೆ ಕಡೆ. ನೆಲದ ಬಟ್ಟೆ ಇಡೀ ರಾತ್ರಿ ಮಣ್ಣಿಗೆ ಅಂಟಿಕೊಂಡಿರುತ್ತದೆ, ಅದರ ತಳದಲ್ಲಿ ಪಸೆ ಇರುತ್ತದೆ. ಒಳಗೆ ಮಲಗಿದವರ ಉಸಿರೇ ಹನಿಯಾಗಿ ಇಳಿದು ಮೂಲೆಯಲ್ಲಿ ನಿಂತಿರುತ್ತದೆ. ಟೆಂಟನ್ನು ಎತ್ತಿ ಹಿಡಿಯುವ ಕೋಲು, ಅಂದರೆ ಪೋಲ್, ತೂರಿಸುವ ಬಟ್ಟೆಯ ಕೊಳವೆ, ಪಟ್ಟಿಗಳನ್ನು ನಾಲ್ಕೈದು ಪದರ ಸೇರಿಸಿ ಹೊಲಿದ ಮೂಲೆಗಳು, ಇವೆಲ್ಲ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತವೆ. ಇದೆಲ್ಲವನ್ನೂ ಸೇರಿಸಿ ಬಿಗಿಯಾಗಿ ಸುತ್ತಿದರೆ ಒದ್ದೆ ಭಾಗ ಸುರುಳಿಯ ನಡುವೆ ಹೋಗುತ್ತದೆ. ಹೊರಗಿನಿಂದ ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಸುರುಳಿಯ ಹೊಟ್ಟೆಗೆ ಕೈ ಹಾಕಬೇಕಿತ್ತು. ನಾನು ಒಮ್ಮೆಯೂ ಹಾಕಲಿಲ್ಲ.

ಒದ್ದೆ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಅಷ್ಟು ಎಲ್ಲರಿಗೂ ಗೊತ್ತು. ಕರಿ ಚುಕ್ಕೆ ಬರುತ್ತದೆ, ಮುಗ್ಗಲು ವಾಸನೆ ಬರುತ್ತದೆ, ನೋಡಲು ಅಸಹ್ಯ. ಆದರೆ ಟೆಂಟನ್ನು ಕೊಲ್ಲುವುದು ಬೂಷ್ಟಿಗಿಂತ ಜಾಸ್ತಿ ಇನ್ನೊಂದು. ಹೆಚ್ಚಿನ ಟೆಂಟುಗಳಲ್ಲಿ ಬಟ್ಟೆಯ ಒಳಮೈಗೆ ಪಾಲಿಯುರೆಥೇನ್‌ನ ತೆಳು ಲೇಪ ಇರುತ್ತದೆ. ನೀರನ್ನು ತಡೆಯುವುದು ಅದೇ. ತೇವ ಮತ್ತು ಸೆಕೆ ಎರಡೂ ತುಂಬ ದಿನ ಜೊತೆಗಿದ್ದರೆ ಆ ಲೇಪದ ಅಣುಗಳ ಕೊಂಡಿಯನ್ನೇ ನೀರು ಬಿಡಿಸುತ್ತಾ ಹೋಗುತ್ತದೆ. ಮೊದಲು ಹುಳಿಹುಳಿ ವಾಸನೆ. ಆಮೇಲೆ ಬಟ್ಟೆ ಕೈಗೆ ಅಂಟಂಟು. ಕೊನೆಗೆ ಲೇಪ ಹೊಟ್ಟಿನ ಹಾಗೆ ಉದುರುತ್ತದೆ. ಹೊಲಿಗೆಯ ಮೇಲೆ ಅಂಟಿಸಿದ ಟೇಪೂ ಅದರ ಜೊತೆಗೇ ಬಿಡುತ್ತದೆ. ಶುರುವಾದ ಮೇಲೆ ಹಿಂದಕ್ಕೆ ತರುವ ದಾರಿ ಇಲ್ಲ. ಒಗೆದರೂ ಇಲ್ಲ, ಬಿಸಿಲಿಗೆ ಹಾಕಿದರೂ ಇಲ್ಲ. ನಮ್ಮ ಕೋಣೆಗೆ ಕಿಟಕಿ ಇರಲಿಲ್ಲ, ಒಳಗೆ ಯಾವಾಗಲೂ ಬಿಸಿ. ಹಾಳಾಗಲು ಅದಕ್ಕಿಂತ ಒಳ್ಳೆಯ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ.

ನನಗೆ ಗೊತ್ತಾಗಿದ್ದು ಒಂದು ಹೊಸಬರ ಗುಂಪಿನಿಂದ. ಅವರಲ್ಲಿ ಮುಕ್ಕಾಲು ಜನಕ್ಕೆ ಟೆಂಟಿನಲ್ಲಿ ಮಲಗುವುದು ಅದೇ ಮೊದಲು. ಮಧ್ಯರಾತ್ರಿ ಮಳೆ ಹಿಡಿಯಿತು. ಎರಡು ಟೆಂಟುಗಳ ನೆತ್ತಿಯ ಹೊಲಿಗೆಯಿಂದ ನೀರು ಸಾಲಾಗಿ ಇಳಿಯಿತು. ಒಬ್ಬ ಹುಡುಗನ ಸ್ಲೀಪಿಂಗ್ ಬ್ಯಾಗ್ ಸೊಂಟದ ತನಕ ನೆನೆದು ಅವನಿಗೆ ನಡುಕ ನಿಲ್ಲಲಿಲ್ಲ. ಗುಂಪಿನ ಮುಂದಾಳು ಅನುಭವಸ್ಥೆ. ಅವನ ಬಟ್ಟೆ ಬದಲಾಯಿಸಿ, ಎಲ್ಲರನ್ನೂ ಉಳಿದ ಟೆಂಟುಗಳಲ್ಲಿ ಒತ್ತೊತ್ತಾಗಿ ಕೂರಿಸಿ ಬೆಳಗು ಮಾಡಿದರು. ಯಾರಿಗೂ ದೊಡ್ಡ ತೊಂದರೆ ಆಗಲಿಲ್ಲ. ಆದರೆ ಆ ಹುಡುಗ ಮತ್ತೆ ಕ್ಲಬ್ಬಿನ ಕಡೆ ಬರಲಿಲ್ಲ.

ವಾಪಸ್ ಬಂದಾಗ ಆಕೆ ಜಗಳ ಆಡಲಿಲ್ಲ. ಫ್ಲೈಯನ್ನು ನೆಲಕ್ಕೆ ಹಾಸಿ, ಹೊಲಿಗೆಯ ಟೇಪಿನ ತುದಿಯನ್ನು ಉಗುರಿನಿಂದ ಸ್ವಲ್ಪ ಎತ್ತಿದರು. ಗಾಯದ ಪಟ್ಟಿ ಕಿತ್ತ ಹಾಗೆ ಅದು ಈ ತುದಿಯಿಂದ ಆ ತುದಿಗೆ ಎದ್ದು ಬಂತು. "ಇದು ನಿನ್ನೆ ಆಗಿದ್ದಲ್ಲ" ಅಂದರು. ಅವರು ಹೋದ ಮೇಲೆ ಕಪಾಟಿನಲ್ಲಿದ್ದ ಒಂದೊಂದನ್ನೂ ಬಿಚ್ಚಿದೆ. ಮಡಿಕೆ ಬಿಡಿಸುವಾಗ ಚರ್ ಚರ್ ಅಂತ ಸದ್ದು. ಬಟ್ಟೆಗೆ ಬಟ್ಟೆ ಅಂಟಿತ್ತು. ಕೈಯೆಲ್ಲ ಜಿಗುಟು. ಮೂರು ವರ್ಷ ತುಂಬದ ಟೆಂಟುಗಳು! ಅದಕ್ಕಿಂತ ಹಿಂದಿನ ಟೆಂಟುಗಳು ವಯಸ್ಸಾಗಿ ಹಾಳಾದವು ಅಂತ ಕಮಿಟಿಗೆ ಹೇಳಿದ್ದೆ. ಅವೂ ಹೀಗೇ ಹಾಳಾಗಿದ್ದವು ಅಂತ ಅವತ್ತು ಅರ್ಥವಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದೇ ಸಲವಾ, ಸ್ವಲ್ಪ ಸ್ವಲ್ಪವಾ ಅನ್ನುವುದು ಆಮೇಲಿನ ಮಾತು. ವಾಪಸ್ ಬಂದ ಟೆಂಟು ನಿಮ್ಮಲ್ಲಿ ಮೊದಲು ಎಲ್ಲಿಗೆ ಹೋಗುತ್ತದೆ? ನೇರ ಕಪಾಟಿಗೆ ಅಂತಾದರೆ ಈ ವರ್ಷ ಟೆಂಟಿನ ಒಂದು ಗೂಟ ಕೂಡ ಕೊಳ್ಳಬೇಡಿ. ಮೊದಲು ಹಗ್ಗ ಕಟ್ಟಿ.

ನಾವು ಗೋಡೆಯಿಂದ ಗೋಡೆಗೆ ನಾಲ್ಕು ಸಾಲು ಹಗ್ಗ ಕಟ್ಟಿದೆವು. ಗಾಳಿ ಆಡುವ ಬೇರೆ ಕೋಣೆ ಕೇಳಿ ಪಡೆದೆವು. ಬಂದದ್ದೆಲ್ಲ ಚೀಲದಿಂದ ಹೊರಗೆ, ಹಗ್ಗದ ಮೇಲೆ, ಎರಡು ದಿನ. ಒಯ್ದವರು ಎಷ್ಟೇ ಒಣಗಿಸಿದ್ದೇವೆ ಅಂದರೂ ಸರಿ. ವಾಪಸ್ ತರುವ ಹೊತ್ತನ್ನು ಭಾನುವಾರ ರಾತ್ರಿಯಿಂದ ಮಂಗಳವಾರ ಸಂಜೆಗೆ ಬದಲಾಯಿಸಿದೆವು. ಸುಸ್ತಾದವರು ಸುಸ್ತಾದವರಿಗೆ ಸಾಮಾನು ಒಪ್ಪಿಸುವುದು ನಿಂತಿತು. ಒಣಗಿದ ಮೇಲೂ ಸುರುಳಿ ಬಿಗಿ ಮಾಡುವುದಿಲ್ಲ, ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ತುಂಬುತ್ತೇವೆ.

ಪ್ರತಿ ಟೆಂಟಿಗೂ ನಂಬರ್ ಹೊಲಿದೆವು. ಒಂದು ದಪ್ಪ ನೋಟ್‌ಬುಕ್ ಇಟ್ಟೆವು. ಕೊಂಡ ತಿಂಗಳು, ಎಷ್ಟು ಸಲ ಹೋಯಿತು, ಏನು ಕೆಟ್ಟಿತು, ಯಾರು ರಿಪೇರಿ ಮಾಡಿದರು, ಎಲ್ಲ ಅದರಲ್ಲಿ. ಇನ್ನೊಂದು ವಿಷಯದಲ್ಲಿ ನಾನು ತುಂಬ ಹಟ ಮಾಡಿದೆ. ಮುರಿದದ್ದನ್ನು ತಾವಾಗಿಯೇ ಹೇಳಿದವರಿಗೆ ದಂಡ ಹಾಕಬಾರದು. ದಂಡ ಇದ್ದಾಗ ಬಾಗಿದ ಪೋಲನ್ನು ಸುಮ್ನೆ ಚೀಲದ ತಳಕ್ಕೆ ತೂರಿಸಿ ಕೊಡುತ್ತಿದ್ದರು. ಅದು ಮುಂದಿನವರಿಗೆ ಗುಡ್ಡದ ಮೇಲೆ ಕತ್ತಲಲ್ಲಿ ಸಿಗುತ್ತಿತ್ತು. ದಂಡ ತೆಗೆದ ಮೇಲೆ "ಝಿಪ್ ಎಡಗಡೆ ಹಿಡಿಯುತ್ತಿದೆ" ಅಂತ ಚೀಟಿ ಬರೆದು ಕಟ್ಟಿ ಕೊಡಲು ಶುರು ಮಾಡಿದರು. ಝಿಪ್ ಹಲ್ಲು ಸೇರದಿದ್ದರೆ ಹೆಚ್ಚಿನ ಸಲ ಸವೆದಿರುವುದು ಎಳೆಯುವ ಸ್ಲೈಡರ್. ಮಣ್ಣನ್ನು ಬ್ರಷ್‌ನಿಂದ ತೆಗೆದು ಸ್ಲೈಡರ್ ಬದಲಾಯಿಸಿದರೆ ಸಾಕು, ಇಡೀ ಝಿಪ್ ಬಿಚ್ಚಬೇಕಾಗಿಲ್ಲ. ಪೋಲಿನೊಳಗಿನ ಎಲಾಸ್ಟಿಕ್ ಸಡಿಲವಾಗಿದ್ದರೆ ಅದೂ ಒಂದು ಸಂಜೆಯ ಕೆಲಸ. ಹೊಲಿಗೆಗೆ ಸೀಲೆಂಟ್, ಅಂದರೆ ನೀರು ಸೋರದಂತೆ ತಡೆಯುವ ಅಂಟು, ಹಚ್ಚುವ ಮೊದಲು ಮಾತ್ರ ಬಟ್ಟೆಯ ಲೇಪ ಯಾವುದು ಅಂತ ನೋಡಿ. ಸಿಲಿಕೋನ್ ಲೇಪಕ್ಕೆ ಸಿಲಿಕೋನ್ ಸೀಲೆಂಟ್ ಮಾತ್ರ ಹಿಡಿಯುತ್ತದೆ, ಪಾಲಿಯುರೆಥೇನ್‌ನದ್ದು ಸುಲಿದು ಬರುತ್ತದೆ.

ಈಗ ಕೊಳ್ಳುವ ಮಾತು. ಹೊಸ ಹಗುರ ಟೆಂಟುಗಳ ಮೇಲೆ ನಿಮ್ಮ ಸದಸ್ಯರ ಕಣ್ಣಿರುತ್ತದೆ, ನಮ್ಮವರದ್ದೂ ಇತ್ತು. ಬಾಡಿಗೆಗೆ ಅವು ಬೇಡ. ಅಷ್ಟು ತೆಳು ಬಟ್ಟೆ ತನ್ನ ಸಾಮಾನನ್ನು ತಾನೇ ಜೋಪಾನ ಮಾಡುವವರ ಕೈಯಲ್ಲಿ ಬಾಳುತ್ತದೆ, ನೂರು ಕೈ ಬದಲಾದರೆ ಬಾಳುವುದಿಲ್ಲ. ನೆಲದ ಬಟ್ಟೆ ದಪ್ಪ ಇರಲಿ. ಫ್ಲೈ ಪಾಲಿಯೆಸ್ಟರ್ ಆಗಿರಲಿ. ನೈಲಾನ್ ಒದ್ದೆಯಾದರೆ ಜೋಲುತ್ತದೆ, ಬಿಸಿಲಿಗೆ ಬೇಗ ಸೋಲುತ್ತದೆ. ಒಂದೇ ಮಾದರಿಯ ಮೂರು ನಾಲ್ಕು ಒಟ್ಟಿಗೆ ಕೊಳ್ಳಿ, ಜೊತೆಗೆ ಒಂದೆರಡು ಸೆಟ್ ಪೋಲ್ ಹೆಚ್ಚುವರಿಯಾಗಿ. ಮಾದರಿ ನಿಂತುಹೋದ ಮೇಲೆ ಬಿಡಿಭಾಗ ಹುಡುಕುವುದು ದೊಡ್ಡ ಕಷ್ಟ. ಎಲ್ಲ 12 ಅನ್ನೂ ಒಂದೇ ವರ್ಷ ಕೊಂಡರೆ ಎಲ್ಲವೂ ಒಟ್ಟಿಗೇ ಹಳತಾಗುತ್ತವೆ, ಆಗ ಮತ್ತೆ ಇದೇ ಪ್ರಶ್ನೆ ಕೇಳಬೇಕಾಗುತ್ತದೆ.

ಸ್ಲೀಪಿಂಗ್ ಬ್ಯಾಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೇತು ಹಾಕಿ, ಅದುಮಿ ತುಂಬಿಡಬೇಡಿ, ಒಳಗಿನ ತೆಳು ಲೈನರ್ ಇಲ್ಲದೆ ಯಾರಿಗೂ ಕೊಡಬೇಡಿ. ಬಾಡಿಗೆಗೆ ಗರಿ ತುಂಬಿದ್ದಕ್ಕಿಂತ ಸಿಂಥೆಟಿಕ್ ನಾರು ತುಂಬಿದ್ದು ವಾಸಿ, ಒಗೆಯುವುದು ಸುಲಭ, ಸ್ವಲ್ಪ ನೆನೆದರೂ ಪೂರ್ತಿ ಕೈಬಿಡುವುದಿಲ್ಲ. ಮ್ಯಾಟ್ ಫೋಮ್‌ನದ್ದೇ ಸಾಕು, ಅದಕ್ಕೆ ತೂತು ಬಿದ್ದರೂ ಮಲಗಬಹುದು.

ಗ್ಯಾಸ್ ಸ್ಟೋವ್ ವಿಷಯದಲ್ಲಿ ಮಾತ್ರ ಉಳಿತಾಯದ ಲೆಕ್ಕ ಬೇಡ. ಪ್ರತಿ ಸಲ ಕೊಡುವ ಮೊದಲು ಗ್ಯಾಸ್ ತುಂಬಿದ ಕ್ಯಾನಿಸ್ಟರ್‌ಗೆ ಕೂಡುವ ಜಾಗದ ರಬ್ಬರ್ ಉಂಗುರ ನೋಡಿ. ಬಯಲಲ್ಲಿ, ಹತ್ತಿರ ಬೆಂಕಿ ಇಲ್ಲದ ಕಡೆ ಜೋಡಿಸಿ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಆ ಸ್ಟೋವನ್ನು ಯಾರಿಗೂ ಕೊಡಬಾರದು. ಟೆಂಟಿನ ಒಳಗೆ ಹಚ್ಚಬೇಡಿ ಅಂತ ಪ್ರತಿಯೊಬ್ಬರಿಗೂ, ಹಳಬರಿಗೂ, ಮುಖ ನೋಡಿ ಹೇಳಿ. ಉರಿಯುವ ಸ್ಟೋವಿನಿಂದ ಬರುವ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

ಈ ವಾರ ಒಂದು ಕೆಲಸ ಮಾಡಿ. 12 ಟೆಂಟುಗಳನ್ನೂ ಬಿಚ್ಚಿ ಹರಡಿ. ಫ್ಲೈಯ ಒಳಮೈಗೆ ಅಂಗೈ ಒತ್ತಿ ಹತ್ತು ಎಣಿಸಿ, ಕೈ ಎತ್ತಿ. ಅಂಟುತ್ತದೆಯಾ ನೋಡಿ. ಆಮೇಲೆ ಹೊಲಿಗೆಯ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ನೋಡಿ. ಅಂಟುವುದನ್ನು, ಟೇಪ್ ಏಳುವುದನ್ನು ಬಾಡಿಗೆಯಿಂದ ತೆಗೆದು, ಹೊಸಬರಿಗೆ ಟೆಂಟ್ ಹಾಕುವುದು ಕಲಿಸಲು ಇಟ್ಟುಕೊಳ್ಳಿ. 12ರಲ್ಲಿ ಎಷ್ಟು ಉಳಿದವು ಅಂತ ಇಲ್ಲೇ ಕೆಳಗೆ ಬರೆಯಿರಿ, ಎಷ್ಟು ಕೊಳ್ಳಬೇಕು ಅಂತ ಆಮೇಲೆ ಮಾತಾಡೋಣ.